ಕಾಪಿ ಹೊಡೆಯುವ ನಾಯಿ

ಬೆಳಗಿನ ಐದೂವರೆಗೆ, ಮೊಣಕಾಲವರೆಗೆ ಒದ್ದೆಯಾದ ಪ್ಯಾಂಟಿನಲ್ಲಿ, ಕೈಯಲ್ಲೊಂದು ಹಳೆಯ ಕಾಲುಚೀಲ ಹಿಡಿದುಕೊಂಡು, ಡೈರಿಯ ಖಾಲಿ ಹುಲ್ಲುಗಾವಲಿನಲ್ಲಿ ಒಂದು, ಎರಡು, ಮೂರು ಎಂದು ಹೆಜ್ಜೆ ಎಣಿಸುತ್ತ ಹೋಗುವ ಗಂಡಸನ್ನು ಕಂಡರೆ ಯಾರಾದರೂ ತಲೆ ಕೆಟ್ಟವನೆಂದೇ ತಿಳಿಯುತ್ತಾರೆ. ಡೈರಿಯ ಹಾಲಿನ ವ್ಯಾನು ಓಡಿಸುವವನು ಮೂರು ವರ್ಷದಿಂದ ಹಾಗೆಯೇ ತಿಳಿದಿದ್ದಾನೆ. ನಾನೂ ಅವನನ್ನು ತಿದ್ದಲು ಹೋಗಿಲ್ಲ. ತಲೆ ಕೆಟ್ಟಿರುವುದು ನನಗಲ್ಲ ಮಾರಾಯ, ನನ್ನ ಅಕ್ಕನಿಗೆ ಎಂದು ಹೇಳಬೇಕಾದರೆ ನಾಯಿಯ ವಿಷಯದಿಂದ ಶುರು ಮಾಡಬೇಕಾಗುತ್ತದೆ. ಅಷ್ಟು ಪುರುಸೊತ್ತು ಹಾಲಿನವನಿಗೂ ಇಲ್ಲ, ನನಗೂ ಇಲ್ಲ.

ನಾಯಿಯ ಹೆಸರು ಮಸಿ. ಮೈಯೆಲ್ಲ ಕಪ್ಪು, ಎದೆಯ ಮೇಲೆ ಮಾತ್ರ ಹೆಬ್ಬೆರಳಿನಷ್ಟು ಬಿಳಿ. ಎಂಟು ವರ್ಷದ ಹೆಣ್ಣು ನಾಯಿ. ಅಕ್ಕ ಶಾಲೆಯ ಹೆಡ್‌ಮಿಸ್ ಕೆಲಸದಿಂದ ನಿವೃತ್ತಳಾದ ವರ್ಷ, ಮನೆಯಲ್ಲಿ ಕೂತು ನನ್ನೊಬ್ಬನನ್ನೇ ತಿದ್ದಿ ತಿದ್ದಿ ಬೇಜಾರಾಗಿ, ಜಾಡು ಹಿಡಿಯುವ ನಾಯಿಗಳ ಕ್ಲಬ್ಬಿಗೆ ಸೇರಿದಳು. ಮಸಿಗೆ ಒಂದು ಬಿರುದು ಕೊಡಿಸಬೇಕು, ಅದರ ಹೆಸರಿನ ಮುಂದೆ ಎರಡು ಅಕ್ಷರ ಸೇರಿಸಬೇಕು ಎಂದು ಅವಳ ತಲೆಗೆ ಹೊಕ್ಕಿತು. ಅಕ್ಕನ ತಲೆಗೆ ಹೊಕ್ಕಿದ್ದು ಹೊರಗೆ ಬಂದ ಉದಾಹರಣೆ ನನಗೆ ಗೊತ್ತಿಲ್ಲ.

ಪರೀಕ್ಷೆ ಕೇಳುವುದಕ್ಕೆ ಸುಲಭ. ಯಾರೋ ಅಪರಿಚಿತರು ಹುಲ್ಲುಗಾವಲಿನಲ್ಲಿ ನಾಲ್ಕುನೂರು ಹೆಜ್ಜೆ ನಡೆದು, ಮೂರು ನಾಲ್ಕು ಕಡೆ ತಿರುಗಿ, ಕೊನೆಯಲ್ಲಿ ಒಂದು ಕೈಗವಸು ಬಿಟ್ಟು ಹೋಗುತ್ತಾರೆ. ಒಂದು ಗಂಟೆಯಾದ ಮೇಲೆ ನಾಯಿ ಆ ವಾಸನೆಯನ್ನೇ ಹಿಡಿದು ಹೋಗಿ ಕೈಗವಸಿನ ಮುಂದೆ ಮಲಗಬೇಕು. ಮೂವತ್ತು ಅಡಿ ಹಗ್ಗದ ಈ ತುದಿ ಹಿಡಿದು ಹಿಂದೆ ಹೋಗುವವರಿಗೆ ಜಾಡು ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ನಾಯಿ ದಾರಿ ತಪ್ಪಿ ಬಹಳ ದೂರ ಹೋದರೆ ಜಡ್ಜು ಸೀಟಿ ಊದುತ್ತಾರೆ. ಸೀಟಿ ಊದಿದರೆ ಕಥೆ ಮುಗಿಯಿತು, ಮನೆಗೆ ಹೋಗಬಹುದು.

ಮಸಿ ಎರಡು ಸಲ ಮನೆಗೆ ಬಂದಿದ್ದಳು.

ಇದೇ ನನಗೆ ಅರ್ಥವಾಗದ ವಿಷಯ. ಅಭ್ಯಾಸದಲ್ಲಿ ಮಸಿ ತಪ್ಪಿದ್ದೇ ಇಲ್ಲ. ವಾರಕ್ಕೆ ಮೂರು ದಿನ ಬೆಳಗ್ಗೆ ನಾನು ಜಾಡು ಹಾಕುತ್ತಿದ್ದೆ. ಕೊನೆಯಲ್ಲಿ ನನ್ನದೇ ಕಾಲುಚೀಲ ಬಿಡುತ್ತಿದ್ದೆ (ಹೀಗಾಗಿ ನನ್ನ ಕಪಾಟಿನಲ್ಲಿ ಜೋಡಿ ಕಾಲುಚೀಲ ಎಂಬುದು ಉಳಿದಿಲ್ಲ). ಆಮೇಲೆ ಒಂದು ಗಂಟೆ ನನ್ನ ವ್ಯಾನಿನಲ್ಲಿ ಕೂತಿದ್ದು, ಅಕ್ಕ ಮತ್ತು ಮಸಿ ಇಳಿದು ಹೋದರೆ, ರೇಷ್ಮೆ ದಾರ ಸೂಜಿಗೆ ಪೋಣಿಸಿದ ಹಾಗೆ ಮಸಿ ಪ್ರತಿ ತಿರುವನ್ನೂ ಸರಿಯಾಗಿ ತೆಗೆದುಕೊಂಡು ಕಾಲುಚೀಲದ ಮುಂದೆ ಮಲಗಿಬಿಡುತ್ತಿದ್ದಳು. ಪರೀಕ್ಷೆಯ ದಿನ ಮಾತ್ರ ಮೊದಲ ತಿರುವಿನಲ್ಲೇ ಕಕ್ಕಾಬಿಕ್ಕಿ. ತಿರುಗಿ ನಿಂತು ಅಕ್ಕನ ಮುಖವನ್ನೇ ನೋಡುತ್ತಿದ್ದಳು.

ಎರಡನೇ ಸಲ ನಪಾಸಾದಾಗ ಜಡ್ಜಮ್ಮ, ರಬ್ಬರ್ ಬೂಟಿನ ಗಿಡ್ಡ ಹೆಂಗಸು, ಮೆಲ್ಲಗೆ ಹೇಳಿದ್ದರು.

"ನಿಮ್ಮ ನಾಯಿ ನೆಲ ನೋಡ್ತಿಲ್ಲ ಮೇಡಂ. ನಿಮ್ಮನ್ನ ನೋಡ್ತಿದೆ."

ಅಕ್ಕ ಅದನ್ನು ಹೊಗಳಿಕೆ ಎಂದುಕೊಂಡಳು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು. "ನೋಡ್ದೇನೋ, ಜಡ್ಜಿಗೂ ಗೊತ್ತಾಯ್ತು. ಎಷ್ಟು ಪ್ರಾಣ ಇಟ್ಕೊಂಡಿದೆ ನನ್ನ ಮೇಲೆ!"

ನಾನು ಗೇರು ಬದಲಿಸಿದೆ. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ನನ್ನನ್ನು ಸಾಕಿದವಳು ಅವಳು. ಯಾವ ಶಾಲೆ, ಯಾವ ಅಂಗಿ, ಯಾವ ಕೋರ್ಸು ಎಲ್ಲ ಅವಳೇ ಹೇಳಿದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವ ಕೆಲಸ ಕಲಿ, ಕಣ್ಣು ಕೆಡುವ ಜನ ಯಾವ ಕಾಲದಲ್ಲೂ ಇರುತ್ತಾರೆ ಎಂದವಳೂ ಅವಳೇ. ನನಗೆ ಮದುವೆ ಆಗಲಿಲ್ಲ, ಏಕೆಂದರೆ ಬಂದ ಯಾವ ಹುಡುಗಿಗೂ ಅಕ್ಕ ಪಾಸ್ ಮಾರ್ಕು ಕೊಡಲಿಲ್ಲ. ಹುಲ್ಲುಗಾವಲಿನಿಂದ ಮನೆಗೆ ಎರಡು ದಾರಿಗಳಿವೆ. ಮಿಲ್ಲಿನ ಹಿಂದಿನ ದಾರಿಯಲ್ಲಿ ಹದಿನೈದು ನಿಮಿಷ. ದೊಡ್ಡ ರಸ್ತೆಯಲ್ಲಿ ಹನ್ನೊಂದು ಸಿಗ್ನಲ್ ದಾಟಿ ನಲವತ್ತು ನಿಮಿಷ. ಹಿಂದಿನ ದಾರಿಯಲ್ಲಿ ಧೂಳು ಎಂದು ಅಕ್ಕ ಒಮ್ಮೆ ಹೇಳಿದ್ದಳು. ಅಂದಿನಿಂದ ಆ ಕವಲಿಗೆ ಬಂದಾಗಲೆಲ್ಲ ಅವಳು "ಎಡಕ್ಕೆ" ಎನ್ನುತ್ತಾಳೆ, ನಾನು ಎಡಕ್ಕೆ ತಿರುಗುತ್ತೇನೆ. ಐವತ್ತು ವರ್ಷದ ಗಂಡಸು ನಾನು, ವ್ಯಾನು ನನ್ನದು.

ಈ ವರ್ಷ ನಾಯಿ ಡಾಕ್ಟರು ಮಸಿಯ ಹಿಂಗಾಲುಗಳನ್ನು ಮಡಚಿ ಬಿಡಿಸಿ ನೋಡಿ, ಕೀಲು ಸವೆದಿದೆ, ಈ ಋತು ಓಡಾಡಿಸಿ, ಆಮೇಲೆ ಹಗ್ಗ ಗೂಟಕ್ಕೆ ನೇತುಹಾಕಿ ಎಂದರು. ಅಂದರೆ ಇನ್ನೊಂದೇ ಪರೀಕ್ಷೆ. ಅದಕ್ಕೆ ಉಳಿದದ್ದು ಆರು ವಾರ. ಅಕ್ಕ ಆ ರಾತ್ರಿ ಊಟ ಬಿಟ್ಟಳು. ಮಾರನೆಯ ದಿನದಿಂದ ವಾರಕ್ಕೆ ಮೂರಲ್ಲ, ಐದು ದಿನ ಜಾಡು ಹಾಕಬೇಕೆಂದಳು. ಪಿತ್ತ ನೆತ್ತಿಗೇರಿತು. ಆದರೂ ಎದ್ದೆ.

ಆ ವಾರದ ಗುರುವಾರವೇ ಅದು ಆದದ್ದು.

ಜಾಡು ಹಾಕುವ ಮೊದಲು ನಾನು ಒಂದು ಕಾರ್ಡಿನ ಮೇಲೆ ನಕ್ಷೆ ಬರೆಯುವುದು ಅಕ್ಕನ ಕಾನೂನು. ನೇರ ನೂರಿಪ್ಪತ್ತು ಹೆಜ್ಜೆ, ಎಡಕ್ಕೆ ತಿರುವು, ಎಂಬತ್ತು ಹೆಜ್ಜೆ, ಬಲಕ್ಕೆ ತಿರುವು, ಹೀಗೆ. ಜಾಡು ಹಳತಾಗುವ ಆ ಒಂದು ಗಂಟೆ ಅವಳು ವ್ಯಾನಿನಲ್ಲಿ ಕೂತು ಕಾರ್ಡು ಬಾಯಿಪಾಠ ಮಾಡುತ್ತಿದ್ದಳು. ಏಕೆಂದು ಕೇಳಿದರೆ, "ನಾಯಿ ಸರಿ ಹೋಗ್ತಿದೆಯೋ ಇಲ್ವೋ ನನಗೆ ಗೊತ್ತಾಗ್ಬೇಡ್ವಾ? ಉತ್ತರ ಗೊತ್ತಿಲ್ದೆ ಪೇಪರ್ ತಿದ್ದೋಕಾಗುತ್ತೇನೋ?" ಎನ್ನುತ್ತಿದ್ದಳು. ಮೂವತ್ತು ವರ್ಷ ಪೇಪರ್ ತಿದ್ದಿದವಳ ಮಾತು, ಸರಿಯೆಂದೇ ನನಗೂ ತೋರುತ್ತಿತ್ತು.

ಆ ದಿನ ನೂರಿಪ್ಪತ್ತು ಹೆಜ್ಜೆ ಹೋಗಿ ಎಡಕ್ಕೆ ತಿರುಗಬೇಕೆಂದರೆ ಅಲ್ಲಿ ಡೈರಿಯ ಏಳೆಂಟು ಹಸುಗಳು ಅಡ್ಡಡ್ಡ ಮಲಗಿದ್ದವು. ಹುಶ್ ಎಂದೆ, ಜಪ್ಪಯ್ಯ ಎಂದರೂ ಏಳಲಿಲ್ಲ. ಸರಿ, ನಾನು ಎಡಕ್ಕೆ ತಿರುಗದೆ ನೇರ ಹೋಗಿ, ಮುಂದೆ ಬಲಕ್ಕೆ ತಿರುಗಿ, ಬೇಲಿಯ ಹತ್ತಿರ ಕಾಲುಚೀಲ ಬಿಟ್ಟೆ. ಕಾರ್ಡು ತಿದ್ದೋಣವೆಂದು ಪೆನ್ನು ತೆಗೆದರೆ ಚಳಿಗೆ ಅದು ಬರೆಯಲಿಲ್ಲ. ವ್ಯಾನಿಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ವ್ಯಾನಿಗೆ ಹೋದೆ, ಕಾರ್ಡು ಕೊಟ್ಟೆ, ಸೀಟಿಗೆ ಒರಗಿದೆ, ನಿದ್ದೆ ಹೋದೆ.

ಎಚ್ಚರವಾದಾಗ ಅಕ್ಕ ಹಗ್ಗ ಹಿಡಿದು ಆಗಲೇ ಹೊರಟಿದ್ದಳು. ಹಸುಗಳು ಎದ್ದು ಹೋಗಿದ್ದವು. ಕೂಗೋಣ ಎಂದು ಬಾಯಿ ತೆರೆದವನು, ನಾಯಿಗೇನು ಕಾರ್ಡು ಓದಲು ಬರುತ್ತದೆಯೇ, ಅದು ನನ್ನ ಹೆಜ್ಜೆಯನ್ನೇ ಹಿಡಿದು ಹೋಗುತ್ತದೆ ಬಿಡು ಎಂದು ಸುಮ್ಮನಾದೆ. ಅಕ್ಕ ಬೆಪ್ಪಾಗುವುದನ್ನು ನೋಡಬೇಕೆಂಬ ಆಸೆಯೂ ಒಂದಿಷ್ಟು ಇತ್ತು, ಸುಳ್ಳೇಕೆ ಹೇಳಲಿ.

ಮಸಿ ನೂರಿಪ್ಪತ್ತು ಹೆಜ್ಜೆ ಹೋದಳು. ಎಡಕ್ಕೆ ತಿರುಗಿದಳು.

ನಾನು ಕಣ್ಣುಜ್ಜಿಕೊಂಡೆ. ನಾನು ಕಾಲಿಡದ ಹುಲ್ಲಿನ ಮೇಲೆ, ಮೂಗು ನೆಲಕ್ಕೆ ತಾಗಿಸಿಕೊಂಡು, ಬಾಲ ನಿಮಿರಿಸಿಕೊಂಡು, ಎಲ್ಲ ಗೊತ್ತಿರುವವಳ ಹಾಗೆ ಎಂಬತ್ತು ಹೆಜ್ಜೆ ನಡೆದಳು. ಬಲಕ್ಕೆ ತಿರುಗಿದಳು. ಕಾರ್ಡಿನಲ್ಲಿ ಕಾಲುಚೀಲ ಎಂದು ಗುರುತು ಹಾಕಿದ್ದ ಜಾಗಕ್ಕೆ ಬಂದು ಅಕ್ಕ ನಿಂತಳು. ಅಕ್ಕ ನಿಂತ ಕೂಡಲೇ ಮಸಿ ಬರೀ ಹುಲ್ಲಿನ ಮುಂದೆ ಶಿಸ್ತಾಗಿ ಮಲಗಿಕೊಂಡಳು.

"ಕಾಲುಚೀಲ ಎಲ್ಲೋ?" ಅಕ್ಕ ಅಲ್ಲಿಂದಲೇ ಕೂಗಿದಳು. "ಹಾಕೋದೇ ಮರೆತ್ಯಾ? ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ವಲ್ಲೋ ನಿನಗೆ!"

ನಾನು ನಡೆದು ಹೋಗಿ ಬೇಲಿಯ ಹತ್ತಿರದಿಂದ ಕಾಲುಚೀಲ ತಂದು ಅವಳ ಕೈಗಿತ್ತೆ. ಹಸುಗಳ ಕಥೆ ಹೇಳಿದೆ. ನಾನು ಈ ಕಡೆ ಬಂದೇ ಇಲ್ಲ ಎಂದೆ. ಅವಳು ಕೇಳಿಸಿಕೊಂಡಳು, ಕಾರ್ಡು ನೋಡಿದಳು, ಹುಲ್ಲು ನೋಡಿದಳು.

"ಸುಳ್ಳು. ನಿನಗೆ ನೆನಪಿಲ್ಲ, ಬಂದಿದ್ದೀಯ."

"ಅಕ್ಕ, ಹಸು ಮೇಲೆ ನಡ್ಕೊಂಡು ಬರ್ತಿದ್ನಾ?"

"ಮತ್ತೆ ಮಸಿ ಹೇಗೆ ಬಂದ್ಲು?"

"ನೀನು ಕರ್ಕೊಂಡು ಬಂದೆ. ತಿರುವು ಹತ್ರ ಬಂದಾಗ ನಿನ್ನ ನಡಿಗೆ ನಿಧಾನ ಆಗುತ್ತೆ. ಹಗ್ಗ ಒಂಚೂರು ಬಿಗಿಯಾಗುತ್ತೆ. ಭುಜ ಆ ಕಡೆ ವಾಲುತ್ತೆ. ಅದು ಅವಳಿಗೆ ಸಾಕು. ಮೂರು ವರ್ಷದಿಂದ ಅವಳು ನೆಲ ಮೂಸ್ತಿಲ್ಲ ಅಕ್ಕ. ನಿನ್ನ ನೋಡಿ ಕಾಪಿ ಹೊಡೀತಿದ್ದಾಳೆ."

ಹೇಳಬಾರದ ಮಾತು ಹೇಳಿದ್ದೆ. ಅಕ್ಕನ ಶಾಲೆಯಲ್ಲಿ ಕಾಪಿ ಹೊಡೆದವರು ಗೇಟು ದಾಟಿದ ಮೇಲೆಯೇ ಉಸಿರು ಬಿಡುತ್ತಿದ್ದರು. ತೋಳಿನ ಮೇಲೆ ಬರೆದುಕೊಂಡವರನ್ನು, ಡಬ್ಬಿಯೊಳಗೆ ಚೀಟಿ ಇಟ್ಟವರನ್ನು, ಕೆಮ್ಮಿ ಕೆಮ್ಮಿ ಉತ್ತರ ಹೇಳಿದವರನ್ನು ಕೋಣೆಯ ಬಾಗಿಲಿನಿಂದಲೇ ಹಿಡಿಯುತ್ತಿದ್ದಳು. ಅವಳು ಸಾಕಿದ ನಾಯಿಯೇ ಕಾಪಿ ಹೊಡೆಯುತ್ತದೆ ಎಂದರೆ! ಮನೆ ತಲುಪುವವರೆಗೂ ಮಾತಿಲ್ಲ. ಕವಲಿನಲ್ಲಿ "ಎಡಕ್ಕೆ" ಎಂದದ್ದು ಬಿಟ್ಟರೆ.

ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಕಾರ್ಡು ಇಲ್ದೆ ಒಂದ್ಸಲ ಹಾಕು. ನೋಡೇ ಬಿಡೋಣ."

ಹಾಕಿದೆ. ಮೊದಲ ತಿರುವಿನಲ್ಲಿ ಮಸಿ ನಿಂತಳು. ಹಿಂದೆ ತಿರುಗಿ ಅಕ್ಕನ ಮುಖ ನೋಡಿದಳು. ಅಕ್ಕನ ಮುಖದಲ್ಲಿ ಉತ್ತರವಿರಲಿಲ್ಲ. ಮಸಿ ಕೂತಳು. ಬಾಲದಿಂದ ಹುಲ್ಲು ಗುಡಿಸುತ್ತ, ನಗುಮೊಗದಿಂದ, ಎಷ್ಟು ಹೊತ್ತಾದರೂ ಕಾಯಲು ಸಿದ್ಧಳಾಗಿ ಕೂತಳು. ಪರೀಕ್ಷೆಯಲ್ಲಿ ಎರಡು ಸಲ ನಾವು ನೋಡಿದ್ದು ಇದನ್ನೇ.

ಅಕ್ಕ ಹಗ್ಗ ಕೈಯಿಂದ ಬಿಟ್ಟು ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟಳು. ಮಸಿ ಬಂದು ಅವಳ ಪಕ್ಕ ಕೂತಳು. ನಾನು ಹತ್ತಿರ ಹೋದಾಗ ಅಕ್ಕ ನನ್ನ ಕಡೆ ನೋಡದೆ ಮಾತಾಡಿದಳು.

"ಪರೀಕ್ಷೆ ಹಾಲಲ್ಲಿ ನಾನು ಸಾಲು ಸಾಲು ಸುತ್ತುತಿದ್ದೆ ಕಣೋ. ಯಾರಾದ್ರೂ ತಪ್ಪು ಬರೆದಿದ್ರೆ ಅಲ್ಲೊಂದು ಗಳಿಗೆ ನಿಲ್ತಿದ್ದೆ. ಏನೂ ಹೇಳ್ತಿರಲಿಲ್ಲ, ಸುಮ್ನೆ ನಿಲ್ತಿದ್ದೆ ಅಷ್ಟೆ. ಮಕ್ಕಳು ಅಳಿಸಿ ಬೇರೆ ಬರೀತಿದ್ರು. ನಮ್ಮ ಶಾಲೆ ರಿಸಲ್ಟ್ ಯಾವತ್ತೂ ಮೇಲೇನೆ. ಅದು ನನ್ನ ಪಾಠದ ಗುಣ ಅಂದ್ಕೊಂಡಿದ್ದೆ."

ಅವಳ ಮೇಲೆ ಮೂರು ವರ್ಷದಿಂದ ಕೂಡಿಟ್ಟುಕೊಂಡ ಸಿಟ್ಟು ಅಷ್ಟೂ ಆ ಕ್ಷಣ ಎಲ್ಲಿ ಹೋಯಿತೋ. ನಾನೂ ಅವಳ ಮುಖ ನೋಡಿಕೊಂಡೇ ಐವತ್ತು ವರ್ಷ ತಿರುವು ತೆಗೆದುಕೊಂಡವನಲ್ಲವೇ, ಮಸಿಗೆ ಮಾತ್ರ ಏಕೆ ಬೈಯಲಿ?

ಸಿಟ್ಟು ಹೋದದ್ದು ಅರ್ಧ ಗಂಟೆ ಮಾತ್ರ. ಅಕ್ಕ ಎದ್ದು, ಸೀರೆಗೆ ಅಂಟಿದ ಹುಲ್ಲು ಕೊಡವಿಕೊಂಡು, ಇನ್ನು ಐದು ವಾರವಿದೆ, ನಾಳೆಯಿಂದ ಹೊಸ ಪದ್ಧತಿ, ಕಾರ್ಡು ಬೇಡ ಎಂದಳು. ಅದೇನೋ ನಿಜ. ಆದರೆ ಕಾರ್ಡು ಬಿಟ್ಟವಳು ಬೇರೆಲ್ಲ ಹಿಡಿದಳು. ವ್ಯಾನಿನ ಕನ್ನಡಿಯನ್ನು ಓರೆ ಮಾಡಿ ನಾನು ಯಾವ ಕಡೆ ಹೋಗುತ್ತೇನೆಂದು ನೋಡುತ್ತಿದ್ದಳು. ವಾಪಸು ಬಂದ ನನ್ನ ಬೂಟಿನ ಕೆಸರು ನೋಡಿ, "ಹಳ್ಳದ ಕಡೆ ಹೋಗಿದ್ಯಾ?" ಎನ್ನುತ್ತಿದ್ದಳು. ತಿಂಡಿ ತಿನ್ನುವಾಗ ಎಷ್ಟು ತಿರುವು ಹಾಕಿದೆಯೆಂದು ಬೇರೇನೋ ಕೇಳುವವಳ ಹಾಗೆ ಕೇಳುತ್ತಿದ್ದಳು. ಹೇಳುವುದಿಲ್ಲ ಎಂದರೆ, ಇಷ್ಟು ವರ್ಷ ಸಾಕಿದ್ದಕ್ಕೆ ಇದೇನಾ ಎಂದು ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. ಮೂವತ್ತು ವರ್ಷ ಕಳ್ಳರನ್ನು ಹಿಡಿದವಳಿಗೆ ಕಳ್ಳತನದ ಎಲ್ಲ ವಿದ್ಯೆಯೂ ಗೊತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಾಟ ಇಬ್ಬನಿಯದು. ಆ ವಾರದಿಂದ ಅದು ದಟ್ಟವಾಗಿ ಬೀಳತೊಡಗಿ, ಬೆಳಗಿನ ಹುಲ್ಲಿನ ಮೇಲೆ ಬಿಳಿ ಬಟ್ಟೆಯ ಹಾಗೆ ಹಾಸಿರುತ್ತಿತ್ತು. ಅದರ ಮೇಲೆ ಮನುಷ್ಯ ನಡೆದರೆ ಹಸಿರು ಗೆರೆ ಎಳೆದ ಹಾಗೆ ಕಾಣುತ್ತದೆ. ಅಕ್ಕ ಆ ಗೆರೆ ನೋಡಿಕೊಂಡು ನಡೆಯುತ್ತಿದ್ದಳು, ಮಸಿ ಅಕ್ಕನನ್ನು ನೋಡಿಕೊಂಡು ನಡೆಯುತ್ತಿದ್ದಳು.

"ಕಣ್ಣು ಮುಚ್ಕೊ ಅಕ್ಕ."

"ಬಿದ್ದು ಸೊಂಟ ಮುರ್ಕೊಳ್ಲಾ?"

"ಕನ್ನಡಕ ತೆಗಿ ಹಾಗಾದ್ರೆ."

"ಅದೂ ಒಂದೇ, ಇದೂ ಒಂದೇ!"

ಅದು ನಿಜ. ಅಕ್ಕನ ಕನ್ನಡಕ ಮೈನಸ್ ಏಳೂವರೆ, ನಾನೇ ಅರೆದ ಗಾಜು. ಅದನ್ನು ತೆಗೆದರೆ ಎದುರಿಗೆ ನಿಂತಿರುವುದು ನಾನೋ ಕಪಾಟೋ ಅವಳಿಗೆ ತಿಳಿಯುವುದಿಲ್ಲ. ಅಂಗಡಿಯಲ್ಲಿ ಆ ದಿನ ಸಂಜೆ ಕೂತು ಯೋಚಿಸಿದೆ. ಅವಳ ಹಳೆಯ ಫ್ರೇಮೊಂದು ಡ್ರಾಯರಿನಲ್ಲಿತ್ತು. ಅದಕ್ಕೆ ಮೈನಸ್ ನಾಲ್ಕರ ಗಾಜು ಅರೆದು ಕೂರಿಸಿದೆ. ಬೀಳದಷ್ಟು ಕಾಣಿಸಬೇಕು, ಕಾಪಿ ಹೊಡೆಯುವಷ್ಟು ಕಾಣಿಸಬಾರದು. ಇಪ್ಪತ್ತೆಂಟು ವರ್ಷದಲ್ಲಿ ನಾನು ಬೇಕೆಂದೇ ತಪ್ಪು ಪವರ್ ಕೊಟ್ಟದ್ದು ಅದೊಂದೇ ಕನ್ನಡಕ.

ಅದನ್ನು ಹಾಕಿಕೊಂಡ ಅಕ್ಕನ ಬಾಯಿಂದ ಬಂದ ಬೈಗುಳ ಹೆಡ್‌ಮಿಸ್ ಬಾಯಲ್ಲಿ ಬರುವಂಥದ್ದಲ್ಲ. ಸಗಣಿ ತುಳಿದಳು. ಕಲ್ಲು ಎಡವಿದಳು. ಒಂದು ದಿನ ಬೇಲಿಗೂಟವನ್ನು ಮನುಷ್ಯನೆಂದುಕೊಂಡು, ದಾರಿ ಬಿಡಪ್ಪಾ ಎಂದಳು. ಆದರೆ ಮಸಿಯ ಕಥೆ ಬೇರೆಯಾಯಿತು. ಮೊದಲ ವಾರ ಪ್ರತಿ ತಿರುವಿನಲ್ಲೂ ಕೂತು ಅಕ್ಕನ ಮುಖ ನೋಡಿದಳು. ಅಕ್ಕ ಕಣ್ಣು ಕಿರಿದು ಮಾಡಿಕೊಂಡು ಎಲ್ಲೋ ನೋಡುತ್ತಿದ್ದಳು. ಎರಡನೆಯ ವಾರ ಮಸಿ ಕೂತಳು, ಕಾದಳು, ಒಂದು ನಿಟ್ಟುಸಿರು ಬಿಟ್ಟಳು, ಎದ್ದು ತಾನೇ ಒಂದು ಸುತ್ತು ಮೂಸಿ ನೋಡಿದಳು. ಈ ಹೆಂಗಸಿಗೆ ಏನೂ ಗೊತ್ತಿಲ್ಲ ಎಂಬುದು ಅವಳಿಗೆ ತಿಳಿದುಹೋಗಿತ್ತು. ನಾಲ್ಕನೆಯ ವಾರದ ಹೊತ್ತಿಗೆ ಹತ್ತರಲ್ಲಿ ಏಳು ಜಾಡು ಸರಿ ಹೋಗುತ್ತಿದ್ದವು. ಅದರಲ್ಲಿ ಮೊದಲಿನ ನಯ ಇರಲಿಲ್ಲ. ತಪ್ಪುತ್ತಿದ್ದಳು, ಸುತ್ತುತ್ತಿದ್ದಳು, ವಾಪಸು ಬರುತ್ತಿದ್ದಳು, ಆದರೆ ಮೂಗು ನೆಲ ಬಿಡುತ್ತಿರಲಿಲ್ಲ.

ಪರೀಕ್ಷೆಯ ದಿನ ಬೆಳಗ್ಗೆ ಅಕ್ಕ ತನ್ನ ಸ್ವಂತ ಕನ್ನಡಕ ಹಾಕಿಕೊಂಡು ಇಳಿದು ಬಂದಳು.

"ಮೈನಸ್ ನಾಲ್ಕು ಎಲ್ಲಿ?"

"ಜಡ್ಜು ಮುಂದೆ ಗೂಟಕ್ಕೆ ದಾರಿ ಬಿಡಪ್ಪಾ ಅನ್ಲೇನೋ? ನನಗೂ ಮರ್ಯಾದೆ ಇದೆ. ಏನಾಗಲ್ಲ, ನಾನು ನೆಲ ನೋಡಲ್ಲ."

ನೀನು ನೋಡದೇ ಇರುವವಳಲ್ಲ ಎಂದು ಹೇಳುವುದು ಬಾಯಿಯವರೆಗೆ ಬಂತು. ವ್ಯಾನು ಸ್ಟಾರ್ಟ್ ಮಾಡಿದೆ.

ಪರೀಕ್ಷೆಯೂ ಅದೇ ಡೈರಿಯ ಹುಲ್ಲುಗಾವಲಿನಲ್ಲಿ. ಜಡ್ಜಮ್ಮ ಅವರೇ, ಅದೇ ರಬ್ಬರ್ ಬೂಟು, ಕೊರಳಲ್ಲಿ ಅದೇ ಸೀಟಿ. ಜಾಡು ಹಾಕಿದ್ದು ಕ್ಲಬ್ಬಿನ ಹೊಸ ಸದಸ್ಯ, ಬೇಕರಿಯವನು. ಅವನು ಯಾವ ಕಡೆ ಹೋಗಿದ್ದಾನೆಂದು ಜಡ್ಜಮ್ಮನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ನಾನು ಬೇಲಿಯ ಹೊರಗೆ ನಿಂತೆ. ಅಕ್ಕ ಮಸಿಯ ಎದೆಪಟ್ಟಿಗೆ ಹಗ್ಗ ಸಿಕ್ಕಿಸಿ, ಜಾಡಿನ ಶುರುವಿಗೆ ನೆಟ್ಟ ಬಾವುಟದ ಹತ್ತಿರ ಬಗ್ಗಿ, "ಹುಡುಕು" ಎಂದಳು.

ಮಸಿ ಹೊರಟಳು. ಮೊದಲ ತಿರುವು ಬಲಕ್ಕೆ. ಸ್ವಲ್ಪ ಸುತ್ತಿದಳು, ಹಿಡಿದಳು. ಎರಡನೆಯದು ಎಡಕ್ಕೆ. ಸೀಟಿ ಬರಲಿಲ್ಲ. ಜಡ್ಜಮ್ಮ ಇಪ್ಪತ್ತು ಹೆಜ್ಜೆ ಹಿಂದೆ ನಿಧಾನವಾಗಿ ನಡೆಯುತ್ತಿದ್ದರು. ಇಷ್ಟು ದೂರ ಮಸಿ ಯಾವತ್ತೂ ಬಂದಿರಲಿಲ್ಲ.

ಮೂರನೆಯ ತಿರುವಿನ ಹತ್ತಿರ ನೆಲ ಏರುತ್ತದೆ. ಅಲ್ಲಿಂದ ಬಲಕ್ಕೆ ಇಬ್ಬನಿಯ ಮೇಲೆ ಹಸಿರು ಗೆರೆ, ಸ್ಕೇಲು ಇಟ್ಟು ಎಳೆದ ಹಾಗೆ. ಬೇಲಿಯ ಆಚೆ ನಿಂತ ನನಗೇ ಕಾಣುತ್ತಿತ್ತು. ಎಡಗಡೆ ಇಳಿಜಾರಿಗೆ ಬಿಸಿಲು ಬಿದ್ದು ಹುಲ್ಲು ಒಣಗಿತ್ತು, ಅಲ್ಲಿ ಏನೂ ಇಲ್ಲ. ಬಲಕ್ಕೆ, ಬಲಕ್ಕೆ ಎಂದು ನನ್ನ ಬಾಯಿ ತಾನಾಗಿಯೇ ಅನ್ನುತ್ತಿತ್ತು.

ಮಸಿ ಒಂದು ಸುತ್ತು ಸುತ್ತಿ ಎಡಕ್ಕೆ ಹೊರಟಳು.

ಅಕ್ಕ ನಿಂತಳು. ಹಗ್ಗ ಬಿಗಿಯಾಯಿತು. ಅವಳ ಭುಜ ಬಲಕ್ಕೆ ವಾಲಿತು, ಅಷ್ಟು ದೂರದಿಂದಲೂ ನನಗೆ ತಿಳಿಯಿತು. ಅವಳಿಗೂ ಗೆರೆ ಕಂಡಿತ್ತು. ಮಸಿ ಮೂಗು ಮೇಲೆತ್ತಿದಳು, ಹಿಂದೆ ತಿರುಗಿದಳು, ಅಕ್ಕನ ಮುಖ ನೋಡಿದಳು. ಐದು ವಾರದ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಜಡ್ಜಮ್ಮ ಸೀಟಿಯನ್ನು ಕೈಗೆ ತೆಗೆದುಕೊಂಡರು.

ಅಕ್ಕ ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಿಂದ ಕನ್ನಡಕ ತೆಗೆದಳು. ಕಾರ್ಡಿಗನ್ನಿನ ಜೇಬಿಗೆ ತುರುಕಿದಳು. ಹಗ್ಗ ಸಡಿಲ ಬಿಟ್ಟಳು. ಮಸಿ ಇನ್ನೂ ನೋಡುತ್ತಿದ್ದಳು. ಆ ಮುಖದಲ್ಲಿ ಈಗ ಬಲವೂ ಇಲ್ಲ, ಎಡವೂ ಇಲ್ಲ. ಮಸಿ ಒಮ್ಮೆ ಸೀನಿದಳು, ಮೂಗು ನೆಲಕ್ಕಿಟ್ಟಳು, ಎಡಕ್ಕೇ ಹೋದಳು.

ಅಕ್ಕ ಅವಳ ಹಿಂದೆ ಹೋದಳು. ಒಂದು ಕೈ ಗಾಳಿಯಲ್ಲಿ ಮುಂದೆ ಚಾಚಿಕೊಂಡು, ಕಾಲಿನಿಂದ ನೆಲ ತಡವಿಕೊಂಡು, ಇಳಿಜಾರಿನಲ್ಲಿ ಒಮ್ಮೆ ಮುಗ್ಗರಿಸಿ, ಮತ್ತೆ ಎದ್ದು. ಅರವತ್ತೆರಡು ವರ್ಷದವಳು. ಯಾರನ್ನೂ ಮುಂದೆ ಬಿಟ್ಟು ನಡೆದವಳಲ್ಲ. ನಾನು ಸೀಟಿಗಾಗಿ ಕಾದೆ. ಹತ್ತು ಹೆಜ್ಜೆ. ಇಪ್ಪತ್ತು. ಐವತ್ತು. ಸೀಟಿ ಬರಲಿಲ್ಲ.

ಮಸಿ ಮಲಗಿದಳು.

ಅಕ್ಕ ಹಗ್ಗವನ್ನು ಕೈಯಿಂದ ಕೈಗೆ ಎಳೆದುಕೊಂಡು ನಾಯಿಯವರೆಗೆ ಹೋದಳು. ಮಂಡಿಯೂರಿದಳು. ಮಸಿಯ ಮುಂಗಾಲುಗಳ ನಡುವೆ ಹುಲ್ಲನ್ನು ತಡವಿದಳು. ಆಮೇಲೆ ಒಂದು ಕಂದು ಬಣ್ಣದ ಕೈಗವಸನ್ನು ತಲೆಯ ಮೇಲೆತ್ತಿ, ಜಡ್ಜಿಗೆ ತೋರಿಸಬೇಕಾದ್ದನ್ನು, ಬೇಲಿಯಾಚೆ ನಿಲ್ಲಿಸಿದ್ದ ಟ್ರ್ಯಾಕ್ಟರಿಗೆ ತೋರಿಸಿದಳು.

"ಈ ಕಡೆ ಮೇಡಂ," ಎಂದರು ಜಡ್ಜಮ್ಮ ಅವಳ ಹಿಂದಿನಿಂದ. "ಪಾಸ್!"

ನಾನು ಬೇಲಿ ಹಾರಿದೆ. ಪ್ಯಾಂಟು ಹರಿಯಿತು. ಅಕ್ಕ ಮಸಿಯ ಕುತ್ತಿಗೆ ತಬ್ಬಿಕೊಂಡು ಅಳುತ್ತಿದ್ದಳು, ಅಮ್ಮ ಹೋದಾಗಲೂ ಅವಳು ನನ್ನ ಎದುರಿಗೆ ಅತ್ತಿರಲಿಲ್ಲ. ಬಲಗಡೆಯ ಗೆರೆ ಯಾರದೆಂದು ಜಡ್ಜಮ್ಮ ಹೇಳಿದರು. ಬೇಕರಿಯವನು ಜಾಡು ಹಾಕುವುದಕ್ಕೆ ಮೊದಲೇ ಡೈರಿಯ ಕಾವಲುಗಾರ ನೀರಿನ ತೊಟ್ಟಿ ನೋಡಲು ಹೋಗಿದ್ದನಂತೆ.

"ನನಗೆ ಬಲಕ್ಕೆ ಅಂತ ಕಾಣಿಸ್ತು ಕಣೋ," ಅಂದಳು ಅಕ್ಕ, ಮೂಗೊರೆಸಿಕೊಂಡು.

"ನನಗೂ."

"ಬೀಳ್ತೀನಿ ಅಂತ ಭಯ ಆಯ್ತು. ಆದ್ರೂ ಇವಳಿಗೇ ಬಿಟ್ಬಿಟ್ಟೆ."

ಆಮೇಲೆ ಕನ್ನಡಕ ಹಾಕಿಕೊಳ್ಳೋಣವೆಂದು ಜೇಬಿಗೆ ಕೈ ಹಾಕಿದರೆ ಕನ್ನಡಕವಿಲ್ಲ. ಇಳಿಜಾರಿನಲ್ಲಿ ಮುಗ್ಗರಿಸಿದಾಗ ಬಿದ್ದಿರಬೇಕು. ಹುಡುಕಿದೆವು. ಜಡ್ಜಮ್ಮ, ಬೇಕರಿಯವನು, ನಾನು, ಹುಲ್ಲಿನಲ್ಲಿ ನಾಲ್ಕು ಕಾಲಿನ ಮೇಲೆ ಒಂದು ಗಂಟೆ. ಆಗಷ್ಟೇ ಬಿರುದು ಗಳಿಸಿದ, ಹುಡುಕುವುದರಲ್ಲಿ ಪಳಗಿದ ಮಸಿ ಬಿಸಿಲಲ್ಲಿ ಕಾಲು ಚಾಚಿ ನಿದ್ದೆ ಹೊಡೆದಳು. ಕೊನೆಗೆ ಕನ್ನಡಕ ಸಿಕ್ಕಿದ್ದು ಬೇಕರಿಯವನ ಬೂಟಿನ ಕೆಳಗೆ, ಎರಡು ತುಂಡಾಗಿ. ಆ ಪವರಿನ ಗಾಜು ತರಿಸಿ ಅರೆಯಲು ನನಗೆ ಮೂರು ವಾರ ಬೇಕು. ತಲೆ ಚಚ್ಚಿಕೊಳ್ಳಬೇಕು ಎನಿಸಿತು.

ಅಕ್ಕ ನನ್ನ ಮೊಣಕೈ ಹಿಡಿದು ವ್ಯಾನಿನವರೆಗೆ ಬಂದಳು. ಕೈಗವಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಇನ್ನು ಬೆಳಗ್ಗೆ ಐದಕ್ಕೆ ಎಬ್ಬಿಸುವುದಿಲ್ಲವೆಂದು ಮಾತು ಕೊಟ್ಟಳು. ಹಿಂದಿನ ಸೀಟಿನಲ್ಲಿ ಮಸಿ ಗೊರಕೆ ಹೊಡೆಯುತ್ತಿದ್ದಳು. ಡೈರಿಯ ಗೇಟು ದಾಟಿ ಕವಲಿನ ಹತ್ತಿರ ಬಂದೆವು. ಅಕ್ಕನಿಗೆ ಎದುರಿನ ಗಾಜೇ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ವ್ಯಾನು ನಿಧಾನವಾದದ್ದು ತಿಳಿಯಿತು.

"ಎಡಕ್ಕೆ," ಅಂದಳು.

ನಾನು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದೆ, ಮಿಲ್ಲಿನ ಹಿಂದಿನ ದಾರಿಗೆ. ಧೂಳು ಎದ್ದಿತು. ಅಕ್ಕನಿಗೆ ಗೊತ್ತಾಯಿತು, ಅವಳ ಭುಜ ನನ್ನ ಕಡೆಯಿಂದ ಬಾಗಿಲ ಕಡೆಗೆ ವಾಲಿತ್ತು. ಬಾಯಿ ತೆರೆದಳು, ಮುಚ್ಚಿದಳು, ಕಿಟಕಿಯ ಗಾಜು ಏರಿಸಿಕೊಂಡಳು. ಸೀಟಿ ಊದಲಿಲ್ಲ.